ಗಬ್ಬ ನಿಂತಿದೆ ಅಂತ ತಾಯಿಯ ಮೈಗೆ ಹೇಳೋರು ಯಾರು?

ನಮಸ್ಕಾರ. ಬೆದೆ ಬಗ್ಗೆ ಮಾಡಿದ್ದ ವಿಡಿಯೋ ನೋಡಿ ಒಬ್ಬರು ಕೇಳಿದ್ದರು: "ಹಸು ಗಬ್ಬ ಆದರೆ ಮತ್ತೆ ಬೆದೆಗೆ ಬರೋದಿಲ್ಲ, ಸರಿ. ಆದರೆ ಗಬ್ಬ ನಿಂತಿದೆ ಅಂತ ಅದರ ಮೈಗೆ ಹೇಳೋರು ಯಾರು?" ಒಳ್ಳೆ ಪ್ರಶ್ನೆ ಅಲ್ವಾ? ಯಾಕೆಂದರೆ ಆ ಸುದ್ದಿ ಮುಟ್ಟಬೇಕಾದ ಹೊತ್ತಿಗೆ ಭ್ರೂಣ ಗರ್ಭಕೋಶಕ್ಕೆ ಅಂಟಿಕೊಂಡೂ ಇರುವುದಿಲ್ಲ. ಒಳಗೆ ಸುಮ್ನೆ ತೇಲುತ್ತಿರುತ್ತದೆ.

ಬೇಸಿಕ್ಸ್ ಓಡಿಸಿಬಿಡೋಣ.

[ತೆರೆಯ ಮೇಲೆ: ಹಸುವಿನ ಗರ್ಭಕೋಶದ ಚಿತ್ರ]

ಎರಡು ಅಂಡಾಶಯ, ಎರಡು ಅಂಡನಾಳ, ನಡುವೆ ಗರ್ಭಕೋಶ. ಮನುಷ್ಯರಲ್ಲಿ ಅದು ಒಂದೇ ಚೀಲ. ಹಸು, ಕುರಿ, ಹಂದಿ, ಕುದುರೆಗಳಲ್ಲಿ ಎಡಕ್ಕೊಂದು ಬಲಕ್ಕೊಂದು ಕೊಂಬು ಇರುತ್ತದೆ. ಅಂಡಾಣು ಹೊರಬಿದ್ದ ಜಾಗದಲ್ಲಿ ಒಂದು ಗಂಟು ಬೆಳೆಯುತ್ತದೆ. ಪುಸ್ತಕದಲ್ಲಿ ಕಾರ್ಪಸ್ ಲ್ಯೂಟಿಯಂ, ನಮಗೆ ಹಳದಿ ಗಂಟು. ಅದು ಬಿಡುವ ಪ್ರೊಜೆಸ್ಟರಾನ್ ಎಂಬ ಹಾರ್ಮೋನ್ ಇರುವವರೆಗೆ ಬೆದೆ ಇಲ್ಲ, ಗರ್ಭಕ್ಕೂ ಅದೇ ಆಸರೆ. ಗಬ್ಬ ಕಟ್ಟದಿದ್ದರೆ ಗರ್ಭಕೋಶ ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕ ಬಿಟ್ಟು ಆ ಗಂಟನ್ನು ಕರಗಿಸುತ್ತದೆ, ಸುಮಾರು 21 ದಿನಕ್ಕೆ ಹಸು ಮತ್ತೆ ಬೆದೆಗೆ ಬರುತ್ತದೆ.

ಇಲ್ಲೇ ಇರೋದು ಗಮ್ಮತ್ತು. ಬೇರೆ ಸುದ್ದಿ ಬರುವವರೆಗೆ ಗರ್ಭಕೋಶ ತಾನು ಖಾಲಿ ಎಂದೇ ನಂಬಿರುತ್ತದೆ. ಸುದ್ದಿ ಮುಟ್ಟಿಸಬೇಕಾದದ್ದು ಭ್ರೂಣ. ಅದೂ ಗಡುವಿನೊಳಗೆ. ತಡವಾದರೆ ಗಂಟು ಹೋಯಿತು, ಗಂಟಿನ ಜೊತೆ ಭ್ರೂಣವೂ ಹೋಯಿತು.

ಹಸುವಿನ ಭ್ರೂಣ ಏನು ಮಾಡುತ್ತದೆ? 13ನೇ ದಿನದ ಆಸುಪಾಸಿನಲ್ಲಿ ಉದ್ದವಾಗಲು ಶುರುಮಾಡಿ, ದಾರದಂತೆ ಚಾಚಿಕೊಂಡು, ಇಂಟರ್ಫೆರಾನ್ ಟೌ ಎಂಬ ಪ್ರೋಟೀನ್ ಬಿಡುತ್ತದೆ. ಇಂಟರ್ಫೆರಾನ್ ಅಂದರೆ ವೈರಸ್ ವಿರುದ್ಧ ಹೋರಾಡುವ ಗುಂಪಿನದ್ದು! ಅದನ್ನೇ ಇಲ್ಲಿ ತಾಯಿಗೆ ಸುದ್ದಿ ಮುಟ್ಟಿಸಲು ಬಳಸಿಕೊಂಡಿದೆ. 15ರಿಂದ 17ನೇ ದಿನದೊಳಗೆ ಸಾಕಷ್ಟು ಬಂದರೆ ಪ್ರೊಸ್ಟಗ್ಲಾಂಡಿನ್ ಅಲೆಗಳು ನಿಲ್ಲುತ್ತವೆ, ಗಂಟು ಉಳಿಯುತ್ತದೆ.

ಈಗ ಕುದುರೆ. ಈ ವಿಡಿಯೋ ಮಾಡಿದ್ದೇ ಇದಕ್ಕೋಸ್ಕರ ಅಂದರೂ ತಪ್ಪಿಲ್ಲ.

[ತೆರೆಯ ಮೇಲೆ: ಕುದುರೆಯ ಗರ್ಭಕೋಶ, ಒಳಗೆ ಓಡಾಡುವ ಗುಂಡು ಚುಕ್ಕೆ]

ಕುದುರೆಯ ಭ್ರೂಣ ಉದ್ದವಾಗುವುದಿಲ್ಲ. ಅದರ ಸುತ್ತ ಗಟ್ಟಿ ಕವಚವೊಂದಿದ್ದು ಗುಂಡಗೇ ಉಳಿಯುತ್ತದೆ. ಹಾಗಾದರೆ ಅಷ್ಟು ದೊಡ್ಡ ಗರ್ಭಕೋಶಕ್ಕೆಲ್ಲ ಸುದ್ದಿ ಮುಟ್ಟುವುದು ಹೇಗೆ? ತಿರುಗಾಡಿ! ಸುಮಾರು 6ನೇ ದಿನ ಗರ್ಭಕೋಶಕ್ಕೆ ಇಳಿದ ಭ್ರೂಣ, 16ನೇ ದಿನದ ಹೊತ್ತಿಗೆ ಒಂದು ಕಡೆ ನೆಲೆ ನಿಲ್ಲುವವರೆಗೆ, ಎಡಗೊಂಬಿಗೆ ಹೋಗಿ, ನಡುವಿಗೆ ಬಂದು, ಬಲಗೊಂಬಿಗೆ ಹೋಗಿ, ವಾಪಸ್ ಬಂದು, ರಾತ್ರಿ ಗಸ್ತಿನವರ ಹಾಗೆ ಸುತ್ತುತ್ತಲೇ ಇರುತ್ತದೆ. ಹೋದಲ್ಲೆಲ್ಲ "ನಾನಿದ್ದೇನೆ, ನಾನಿದ್ದೇನೆ" ಅನ್ನೋದೊಂದೇ ಕೆಲಸ. ಆದರೆ ಅದಕ್ಕೆ ಕೈಕಾಲು ಇಲ್ಲವಲ್ಲ? ತಳ್ಳುವುದು ತಾಯಿಯ ಗರ್ಭಕೋಶದ ಸ್ನಾಯುಗಳೇ, ಮತ್ತು ತಳ್ಳುವ ಹಾಗೆ ಅವುಗಳನ್ನು ಕೆಣಕುವ ರಾಸಾಯನಿಕ ಬಿಡುವುದು ಭ್ರೂಣ. ಇಷ್ಟು ಕಿಲಾಡಿ ಪ್ರಯಾಣಿಕ ಇನ್ನೆಲ್ಲೂ ಸಿಗಲಿಕ್ಕಿಲ್ಲ.

ಪ್ರಯೋಗಗಳಲ್ಲಿ ಭ್ರೂಣ ಒಂದು ಕಡೆ ಬಿಟ್ಟು ಕದಲದ ಹಾಗೆ ತಡೆದಾಗ ಹಳದಿ ಗಂಟು ಕರಗಿಹೋಯಿತು. ಅಂದರೆ ಇದು ಮೋಜಿನ ಸುತ್ತಾಟ ಅಲ್ಲ. ಇಷ್ಟೆಲ್ಲ ಆದರೂ ಆ "ನಾನಿದ್ದೇನೆ" ಸಂಕೇತ ನಿಖರವಾಗಿ ಯಾವ ಅಣು ಎಂಬುದು ಕುದುರೆಯ ಮಟ್ಟಿಗೆ ವಿಜ್ಞಾನಿಗಳ ಕೈಗೆ ಇನ್ನೂ ಸಿಕ್ಕಿಲ್ಲ.

ಹಸುವಿನ ಭ್ರೂಣಕ್ಕಿಲ್ಲದ ಈ ಅಲೆದಾಟ ಕುದುರೆಗೆ ಯಾಕೆ ಬೇಕು? ಉತ್ತರ ರಕ್ತನಾಳದಲ್ಲಿದೆ. ಹಸುವಿನಲ್ಲಿ ಅಂಡಾಶಯಕ್ಕೆ ಹೋಗುವ ಅಪಧಮನಿ, ಗರ್ಭಕೋಶದಿಂದ ಬರುವ ಅಭಿಧಮನಿಗೆ ಸುತ್ತಿಕೊಂಡಿರುತ್ತದೆ. ಪ್ರೊಸ್ಟಗ್ಲಾಂಡಿನ್ ಒಂದರಿಂದ ಇನ್ನೊಂದಕ್ಕೆ ನೇರವಾಗಿ ಸೋರಿ ಪಕ್ಕದ ಅಂಡಾಶಯ ಸೇರುತ್ತದೆ. ಸುತ್ತು ದಾರಿ ಹಿಡಿದರೆ ಅದರ ಬಹುಪಾಲನ್ನು ಶ್ವಾಸಕೋಶ ನಾಶಮಾಡಿಬಿಡುತ್ತದೆ. ಹಾಗಾಗಿ ಹಸುವಿನಲ್ಲಿ ಹಳದಿ ಗಂಟು ಬಲಗಡೆ ಇದ್ದರೆ ಬಲಗೊಂಬನ್ನು ಸುಮ್ಮನಿರಿಸುವುದೇ ಮುಖ್ಯ ಕೆಲಸ. ಕುದುರೆಯಲ್ಲಿ ಆ ಎರಡು ನಾಳಗಳು ದೂರ ದೂರ. ಪ್ರೊಸ್ಟಗ್ಲಾಂಡಿನ್ ಇಡೀ ಮೈ ಸುತ್ತಿ ಅಂಡಾಶಯ ತಲುಪುತ್ತದೆ, ಅಲ್ಲಿನ ಗಂಟು ಚೂರು ಪ್ರಮಾಣಕ್ಕೂ ಕರಗುತ್ತದೆ. ಗರ್ಭಕೋಶದ ಯಾವ ಮೂಲೆಯಿಂದ ಬಂದರೂ ಅಪಾಯವೇ. ಅದಕ್ಕೇ ಎಲ್ಲ ಮೂಲೆಗೂ ಹೋಗಲೇಬೇಕು.

ಕುದುರೆ ಹತ್ತಿರ ಜಾಸ್ತಿ ಹೊತ್ತು ನಿಂತುಬಿಟ್ಟೆ, ಉಳಿದವು ಬೇಗ ಬೇಗ.

ಹಂದಿಯಲ್ಲಿ ಭ್ರೂಣಗಳು 11-12ನೇ ದಿನ ಈಸ್ಟ್ರೋಜನ್ ಬಿಡುತ್ತವೆ. ಪ್ರೊಸ್ಟಗ್ಲಾಂಡಿನ್ ನಿಲ್ಲುವುದಿಲ್ಲ, ರಕ್ತಕ್ಕೆ ಹೋಗುವ ಬದಲು ಗರ್ಭಕೋಶದ ಒಳಕ್ಕೇ ಸುರಿಯುತ್ತದೆ, ಅಷ್ಟೇ. ಸಾಮಾನ್ಯವಾಗಿ ಕನಿಷ್ಠ ನಾಲ್ಕು ಭ್ರೂಣಗಳಾದರೂ ಬೇಕು, ಒಂದೆರಡರ ಕೂಗು ಸಾಲದು. ನಾಯಿಗೆ ಈ ತಲೆನೋವೇ ಇಲ್ಲ. ಗಬ್ಬ ಆಗಲಿ ಬಿಡಲಿ ಹಳದಿ ಗಂಟು ಎರಡು ತಿಂಗಳ ಆಸುಪಾಸು ಇದ್ದೇ ಇರುತ್ತದೆ, ಸುಳ್ಳು ಬಸಿರಿನಲ್ಲಿ ಕೆಲವು ನಾಯಿಗಳಿಗೆ ಮರಿಯಿಲ್ಲದೆ ಹಾಲೂ ಇಳಿಯುತ್ತದೆ. ಬೆಕ್ಕಿನದು ಇನ್ನೊಂದು ದಾರಿ: ಸಾಮಾನ್ಯವಾಗಿ ಕೂಡಿದ ಮೇಲೆಯೇ ಅಂಡಾಣು ಬಿಡುಗಡೆ, ಹಳದಿ ಗಂಟು ಬೆಳೆಯೋದೂ ಆಮೇಲೆಯೇ.

ಕೊನೆಗೆ ಒಂದು ಎಚ್ಚರಿಕೆ. ಹಸುವನ್ನು ಬೆದೆಗೆ ತರಿಸಲು ಡಾಕ್ಟರ್ ಕೊಡುವ ಪ್ರೊಸ್ಟಗ್ಲಾಂಡಿನ್ ಇಂಜೆಕ್ಷನ್ ಇದೇ ಗಂಟನ್ನು ಕರಗಿಸುವ ಔಷಧ. ಗಬ್ಬದ ಹಸುವಿಗೆ ಕೊಟ್ಟರೆ ಕಂದು ಹಾಕಬಹುದು, ಹಾಗಾಗಿ ಗಬ್ಬ ಪರೀಕ್ಷೆ ಮೊದಲು, ಸೂಜಿ ಆಮೇಲೆ. ಅದು ಚರ್ಮದ ಮೂಲಕವೂ ಒಳಗೆ ಇಳಿಯುತ್ತದೆ. ಗರ್ಭಿಣಿಯರು ಮತ್ತು ಆಸ್ತಮಾ ಇರುವವರು ಆ ಬಾಟಲಿಯನ್ನು ಮುಟ್ಟಲೇಬೇಡಿ.