ಗೋಡೆಯೊಳಗಿನ ಮುಖಗಳು

ಕೇಳುಗರಿಗೆ ನಮಸ್ಕಾರ. ಬಾನುಲಿಯಲ್ಲಿ ಚಿತ್ರ ತೋರಿಸಲಾಗದು. ಆದರೂ ಒಂದು ಕೋಣೆಯ ವರ್ಣನೆ ಕೇಳಿದರೆ ಸಾಕು, ನಮ್ಮ ಮನಸ್ಸು ತಾನೇ ಅದಕ್ಕೆ ಬಾಗಿಲು ಕಿಟಕಿ ಇಟ್ಟುಕೊಳ್ಳುತ್ತದೆ. ಆ ಧೈರ್ಯದಿಂದಲೇ ಇಂದು, ಕೋಣೆಗಳನ್ನು ಬರೆಯುವ ಕಲಾವಿದೆಯೊಬ್ಬರ ಬಗ್ಗೆ ಮಾತನಾಡುತ್ತೇನೆ.

ಎನ್‌ಜಿಡೆಕಾ ಅಕುನ್ಯಿಲಿ ಕ್ರಾಸ್ಬಿ ಹುಟ್ಟಿದ್ದು 1983ರಲ್ಲಿ, ನೈಜೀರಿಯದ ಎನುಗು ನಗರದಲ್ಲಿ. ತಾಯಿ ಡೋರಾ ಅಕುನ್ಯಿಲಿ ನಕಲಿ ಔಷಧಗಳ ವಿರುದ್ಧ ಸೆಣಸಿ ಹೆಸರಾದವರು. ಮಗಳು 1999ರಲ್ಲಿ, ಹದಿಹರೆಯದಲ್ಲೇ, ಅಮೆರಿಕಕ್ಕೆ ಹೋದರು. ಈಗ ಲಾಸ್ ಏಂಜಲೀಸ್‌ನಲ್ಲಿದ್ದಾರೆ.

ಅವರ ಚಿತ್ರವೊಂದರ ಮುಂದೆ ನಿಂತಿದ್ದೇವೆ ಎಂದುಕೊಳ್ಳಿ. ಆಳೆತ್ತರವನ್ನೂ ಮೀರಿದ ಕಾಗದ. ದೂರಕ್ಕೆ ಕಾಣುವುದು ಒಂದು ಮೇಜು, ಕುರ್ಚಿ, ತೆರೆದ ಬಾಗಿಲಾಚೆ ಇನ್ನೊಂದು ಕೋಣೆ, ನೇರವಾದ ಗೆರೆಗಳು, ಹಾಸಿದಂತಿರುವ ಬಣ್ಣ. ಹತ್ತಿರ ಹೋದಂತೆ ಗೋಡೆಯೊಳಗಿಂದ ಮುಖಗಳು ಮೂಡತೊಡಗುತ್ತವೆ. ಮನೆಯ ಆಲ್ಬಮ್ಮಿನ ಫೋಟೋಗಳು, ನೈಜೀರಿಯದ ಪತ್ರಿಕೆಗಳಿಂದ ಆಯ್ದ ಚಿತ್ರಗಳು. ನೆಲದಲ್ಲೂ ಅವೇ, ಉಡುಪಿನಲ್ಲೂ ಅವೇ. ಕೆಲವೆಡೆ ಕುಳಿತವರ ಮೈಚರ್ಮದಲ್ಲೂ!

ಇದನ್ನು ಅವರು ಮಾಡುವ ಬಗೆ ನೋಡಿ. ಫೋಟೋದ ಮುದ್ರಿತ ಪ್ರತಿಯನ್ನು ಕಾಗದದ ಮೇಲೆ ಬೋರಲು ಹಾಕಿ, ಉಗುರುಬಣ್ಣ ತೆಗೆಯಲು ಬಳಸುವ ಅಸಿಟೋನಿನಿಂದ ಹಿಂಬದಿಯನ್ನು ನೆನೆಸಿ ಉಜ್ಜುತ್ತಾರೆ. ಶಾಯಿ ಕರಗಿ ಕೆಳಗಿಳಿಯುತ್ತದೆ. ಪೂರ್ತಿ ಇಳಿಯುವುದಿಲ್ಲ. ಒಂದು ಕೆನ್ನೆ ಮಾಸಿರುತ್ತದೆ, ಒಂದು ತೋಳು ಅರ್ಧಕ್ಕೇ ನಿಂತಿರುತ್ತದೆ. ಹಳೆಯ ಮನೆಯ ನೆನಪು ನಮಗೆ ಬರುವುದೂ ಹೀಗೆ ಅರೆಬರೆಯಾಗಿಯೇ ಅಲ್ಲವೇ? ಈ ಮಾಸಲು ಗೋಡೆಗಳ ಪಕ್ಕದಲ್ಲೇ ಕುಂಚದಿಂದ ತುಂಬಿದ ಗಟ್ಟಿ ಬಣ್ಣ ಇರುವುದರಿಂದ, ಮೇಜು ಇಂದಿನದು, ಗೋಡೆ ಎಂದಿನದೋ ಎನಿಸುತ್ತದೆ. ಒಂದೇ ಕೋಣೆಯಲ್ಲಿ ಎರಡು ಕಾಲ, ಎರಡು ದೇಶ. ವಲಸೆ ಹೋದವರ ಬದುಕನ್ನು ಇಷ್ಟು ನಿಖರವಾಗಿ ಹೇಳಿದ ಚಿತ್ರಗಳನ್ನು ನಾನು ಹೆಚ್ಚು ಕಂಡಿಲ್ಲ.

2013ರ ಒಂದು ಚಿತ್ರದ ಹೆಸರು ‘ಟೀ ಟೈಮ್ ಇನ್ ನ್ಯೂ ಹೇವನ್, ಎನುಗು’. ನ್ಯೂ ಹೇವನ್ ಎಂದೊಡನೆ ಕಲಾಲೋಕಕ್ಕೆ ನೆನಪಾಗುವುದು ಅವರು ಓದಿದ ಯೇಲ್ ವಿಶ್ವವಿದ್ಯಾಲಯವಿರುವ ಅಮೆರಿಕದ ಊರು. ಆದರೆ ಎನುಗುವಿನಲ್ಲೂ ಅದೇ ಹೆಸರಿನ ಬಡಾವಣೆಯೊಂದಿದೆ. ಹೆಸರಿನಲ್ಲಿರುವ ಅಲ್ಪವಿರಾಮ ದಾಟುವಷ್ಟರಲ್ಲಿ ನಾವು ಅಟ್ಲಾಂಟಿಕ್ ಸಾಗರ ದಾಟಿರುತ್ತೇವೆ. ಮುಂದೆ ಚಹಾಕ್ಕೆ ಅಣಿಗೊಳಿಸಿದ ಮೇಜು.