ಹಾಡಿನ ಹಿಂದಿನ ಲೆಕ್ಕ: ‘ಅಟ್ಲಾಂಟಾ’ ಧಾರಾವಾಹಿ

ಕೇಳುಗರೆಲ್ಲರಿಗೂ ನಮಸ್ಕಾರ.

ಒಬ್ಬ ರ‍್ಯಾಪ್ ಗಾಯಕ. ಅವನ ಒಂದು ಹಾಡು ಊರಲ್ಲೆಲ್ಲ ಹೆಸರು ಮಾಡಿದೆ. ಒಂದು ನೈಟ್‌ಕ್ಲಬ್ಬಿಗೆ ಬಂದು ಜನರ ನಡುವೆ ಕೂತರೆ ಇಷ್ಟು ದುಡ್ಡು ಎಂದು ಮಾತಾಗಿದೆ. ಅವನು ಬಂದು ಕೂರುತ್ತಾನೆ. ಗಂಟೆಗಳು ಕಳೆಯುತ್ತವೆ, ದುಡ್ಡು ಬರುವುದಿಲ್ಲ. ಅವನ ವ್ಯವಹಾರ ನೋಡಿಕೊಳ್ಳುವ ಸೋದರಸಂಬಂಧಿ, ಕಾರ್ಯಕ್ರಮ ಏರ್ಪಡಿಸಿದವನನ್ನು ಹುಡುಕಿಕೊಂಡು ಕ್ಲಬ್ಬಿನ ಮೂಲೆಮೂಲೆ ತಿರುಗುತ್ತಾನೆ. ಆ ಮನುಷ್ಯ ಕಣ್ಣಿಗೆ ಬೀಳುತ್ತಾನೆ, ಹತ್ತಿರ ಹೋಗುವಷ್ಟರಲ್ಲಿ ಗೋಡೆಯೇ ತಿರುಗಿ ಅದರ ಹಿಂದೆ ಮಾಯವಾಗುತ್ತಾನೆ. ರಾತ್ರಿಯ ಕೊನೆಗೆ ಹೊರಗೆ ಗುಂಡಿನ ಸದ್ದು, ಜನ ದಿಕ್ಕಾಪಾಲು. ಆ ಗಲಾಟೆಯ ನಡುವೆ ಒಬ್ಬ ಬಾಸ್ಕೆಟ್‌ಬಾಲ್ ಆಟಗಾರ ಕಣ್ಣಿಗೆ ಕಾಣದ ಕಾರಿನಲ್ಲಿ ಕೂತು, ಎದುರಿಗೆ ಸಿಕ್ಕವರಿಗೆ ಗುದ್ದಿಕೊಂಡು ಹೊರಟೇಹೋಗುತ್ತಾನೆ. ಅವನ ಹತ್ತಿರ ಅಂಥ ಕಾರಿದೆ ಎಂದಾಗ ಮೊದಲು ಎಲ್ಲರೂ ನಕ್ಕಿದ್ದರು.

ಇದು ‘ಅಟ್ಲಾಂಟಾ’ ಎಂಬ ಅಮೆರಿಕನ್ ಧಾರಾವಾಹಿಯ ಮೊದಲ ಸೀಸನ್ನಿನ ಒಂದು ಕಂತು. 2016ರ ಸೆಪ್ಟೆಂಬರಿನಲ್ಲಿ ಎಫ್‌ಎಕ್ಸ್ ವಾಹಿನಿಯಲ್ಲಿ ಆರಂಭವಾದ ಇದು ನಾಲ್ಕು ಸೀಸನ್, 41 ಕಂತು ನಡೆದು 2022ರ ನವೆಂಬರಿನಲ್ಲಿ ಮುಗಿಯಿತು. ಕಟ್ಟಿದವರು ಡೊನಾಲ್ಡ್ ಗ್ಲೋವರ್. ಅಟ್ಲಾಂಟಾ ಪಕ್ಕದ ಸ್ಟೋನ್ ಮೌಂಟನ್‌ನಲ್ಲಿ ಬೆಳೆದವರು, ಚೈಲ್ಡಿಶ್ ಗ್ಯಾಂಬೀನೊ ಎಂಬ ಹೆಸರಿನಲ್ಲಿ ಸ್ವತಃ ರ‍್ಯಾಪ್ ಹಾಡುವವರು. ಅವರ ತಮ್ಮ ಸ್ಟೀಫನ್ ಗ್ಲೋವರ್ ಬರಹಗಾರರ ಬಳಗದಲ್ಲಿದ್ದರು. ಹೆಚ್ಚಿನ ಕಂತುಗಳ ನಿರ್ದೇಶನ ಹಿರೋ ಮುರಾಯ್ ಅವರದು.

ಕಥೆ ಸರಳ. ಅರ್ನ್ ಎಂಬ ಯುವಕ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಓದನ್ನು ಅರ್ಧಕ್ಕೇ ಬಿಟ್ಟು ಊರಿಗೆ ಮರಳಿದ್ದಾನೆ. ಕೈಯಲ್ಲಿ ಕಾಸಿಲ್ಲ. ವ್ಯಾನ್ ಎಂಬ ಗೆಳತಿ, ಅವಳಲ್ಲಿ ಹುಟ್ಟಿದ ಪುಟ್ಟ ಮಗಳು ಲಾಟಿ ಇದ್ದಾರೆ, ತನ್ನದು ಅನ್ನುವ ಮನೆ ಇಲ್ಲ. ಅವನ ಸೋದರಸಂಬಂಧಿ ಆಲ್ಫ್ರೆಡ್ ‘ಪೇಪರ್ ಬಾಯ್’ ಎಂಬ ಹೆಸರಿನಲ್ಲಿ ಹಾಡಿ ಒಂದಿಷ್ಟು ಹೆಸರು ಮಾಡುತ್ತಿದ್ದಂತೆ, ಅರ್ನ್ ಹೋಗಿ ಅವನ ಮ್ಯಾನೇಜರ್ ಆಗುತ್ತಾನೆ. ಜೊತೆಗೆ ಡೇರಿಯಸ್ ಎಂಬ ಸ್ನೇಹಿತ. ಎಂಥ ವಿಚಿತ್ರ ಎದುರಾದರೂ ತಲೆ ಕೆಡಿಸಿಕೊಳ್ಳದವನು. ಕ್ರಮವಾಗಿ ಗ್ಲೋವರ್, ಬ್ರಯಾನ್ ಟೈರೀ ಹೆನ್ರಿ, ಲಕೀತ್ ಸ್ಟ್ಯಾನ್‌ಫೀಲ್ಡ್ ಈ ಪಾತ್ರಗಳನ್ನು ಮಾಡಿದ್ದಾರೆ. ವ್ಯಾನ್ ಆಗಿರುವವರು ಝಾಝೀ ಬೀಟ್ಸ್.

ಈ ಧಾರಾವಾಹಿಯ ಬಗ್ಗೆ ಮಾತು ಬಂದಾಗಲೆಲ್ಲ ಜನ ‘ಕನಸಿನ ಹಾಗಿದೆ’ ಅನ್ನುತ್ತಾರೆ. ಆ ಮಾತನ್ನು ಅಲ್ಲಿಗೇ ಬಿಡಲು ನನಗೆ ಮನಸ್ಸಿಲ್ಲ. ವಿಚಿತ್ರಗಳು ಇಲ್ಲಿ ಎಲ್ಲೆಂದರಲ್ಲಿ ತಲೆಹಾಕುವುದಿಲ್ಲ. ಬಹುಪಾಲು ಅವು ದುಡಿದವನ ಕೈಗೆ ದುಡ್ಡು ಸೇರಬೇಕಾದ ಹೊತ್ತಿಗೆ ಸರಿಯಾಗಿ ಬರುತ್ತವೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುವ ಸ್ಥಿತಿ ಆಲ್ಫ್ರೆಡ್‌ನದು. ಜನ ಅವನಿಗೆ ಹೆಸರು ಕೊಟ್ಟಿದ್ದಾರೆ. ಆ ಹೆಸರು ಮನೆಬಾಡಿಗೆಯಾಗಿ, ಊಟವಾಗಿ ಬದಲಾಗುವ ದಾರಿಯಲ್ಲಿ ಒಂದೊಂದು ಗೋಡೆಯೂ ತಿರುಗಿಕೊಳ್ಳುತ್ತದೆ.

ಎರಡನೆಯ ಸೀಸನ್ನಿನಲ್ಲಿ ಒಂದು ಕಂತಿದೆ. ಅರ್ನ್ ಕೈಗೆ ಕೊನೆಗೂ ಸ್ವಲ್ಪ ದುಡ್ಡು ಬಂದಿದೆ. ವ್ಯಾನ್ ಜೊತೆ ಸಿನಿಮಾಗೆ ಹೋಗಿ ನೂರು ಡಾಲರಿನ ನೋಟು ಕೊಡುತ್ತಾನೆ. ಟಿಕೆಟ್ ಕೊಡುವಾಕೆ ಅದನ್ನು ತೆಗೆದುಕೊಳ್ಳಲು ತಕರಾರು ಮಾಡುತ್ತಾಳೆ. ಅವನ ಹಿಂದೆಯೇ ಬಂದ ಬಿಳಿಯನ ನೂರರ ನೋಟು ತಕರಾರಿಲ್ಲದೆ ಗಲ್ಲಾಪೆಟ್ಟಿಗೆ ಸೇರುತ್ತದೆ. ಇದನ್ನು ಕೇಳಲು ಹೋದರೆ ಆ ಮನುಷ್ಯ ಸೊಂಟದಲ್ಲಿರುವ ಪಿಸ್ತೂಲು ತೋರಿಸುತ್ತಾನೆ. ಅದೇ ರಾತ್ರಿ ಅರ್ನ್, ಅಮೆರಿಕನ್ ಫುಟ್‌ಬಾಲಿನ ಹೆಸರಾಂತ ಆಟಗಾರ ಮೈಕಲ್ ವಿಕ್ ಜೊತೆ ಓಟದ ಪಂದ್ಯ ಕಟ್ಟುತ್ತಾನೆ. ಆತ ಕ್ಲಬ್ಬಿನ ಹೊರಗೆ ನಿಂತು, ಬಂದವರ ಜೊತೆ ಬಾಜಿ ಕಟ್ಟಿ ಓಡುತ್ತಿದ್ದಾನೆ! ಸೋಲುವುದು ಅರ್ನ್‌ಗೂ ಗೊತ್ತು, ನಮಗೂ ಗೊತ್ತು, ಆದರೂ ಓಡುತ್ತಾನೆ. ಓಟದ ಪಂದ್ಯ ಅಸಂಭವ, ಸಿನಿಮಾ ಮಂದಿರದ ಘಟನೆ ದಿನನಿತ್ಯದ್ದು. ಎರಡನ್ನೂ ಒಂದೇ ದನಿಯಲ್ಲಿ, ಒಂದೇ ಬೆಳಕಿನಲ್ಲಿ ತೋರಿಸಿರುವುದರಿಂದ ನಿಜಕ್ಕೂ ನಂಬಲಾಗದ್ದು ಯಾವುದು ಎಂದು ನಾವೇ ಕೇಳಿಕೊಳ್ಳುವಂತಾಗುತ್ತದೆ. ಈ ಕೃತಿಯ ಶಕ್ತಿ ಇರುವುದು ಇಲ್ಲೇ ಎಂದು ನನಗೆ ಅನ್ನಿಸುತ್ತದೆ.

ಊರಿನ ಬಗ್ಗೆ ಎರಡು ಮಾತು ಹೇಳಬೇಕು. ಅಮೆರಿಕದ ದಕ್ಷಿಣ ಭಾಗದಲ್ಲಿರುವ ಅಟ್ಲಾಂಟಾ ಮಾರ್ಟಿನ್ ಲೂಥರ್ ಕಿಂಗ್ ಹುಟ್ಟಿದ ಊರು. 1973ರಲ್ಲಿ ಮೇನಾರ್ಡ್ ಜಾಕ್ಸನ್ ಆಯ್ಕೆಯಾದ ಮೇಲೆ ಅಲ್ಲಿನ ಮೇಯರುಗಳೆಲ್ಲ ಕಪ್ಪು ಜನಾಂಗದವರೇ. ಕಪ್ಪು ಜನ ಓದಿ, ವ್ಯಾಪಾರ ಮಾಡಿ ಮೇಲೆ ಬಂದ ಊರು ಎಂಬ ಹೆಸರೂ ಇದೆ. ಒಂದು ಕಾಲಕ್ಕೆ ರ‍್ಯಾಪ್ ಅಂದರೆ ನ್ಯೂಯಾರ್ಕ್ ಇಲ್ಲವೇ ಲಾಸ್ ಏಂಜಲೀಸ್ ಅನ್ನುತ್ತಿದ್ದರು. 1995ರಲ್ಲಿ ನ್ಯೂಯಾರ್ಕಿನ ಒಂದು ಪ್ರಶಸ್ತಿ ಸಮಾರಂಭದಲ್ಲಿ ಅಟ್ಲಾಂಟಾದ ‘ಔಟ್‌ಕಾಸ್ಟ್’ ಜೋಡಿಯನ್ನು ಸಭಿಕರು ಕೂಗಿ ಅಣಕಿಸಿದಾಗ, ಅವರಲ್ಲೊಬ್ಬರಾದ ಆಂಡ್ರೆ, ದಕ್ಷಿಣದವರಿಗೂ ಹೇಳುವುದಿದೆ ಎಂದು ವೇದಿಕೆಯಿಂದಲೇ ಹೇಳಿ ಇಳಿದರು. ಮುಂದಿನ ಎರಡು ದಶಕಗಳಲ್ಲಿ ಟ್ರ್ಯಾಪ್ ಎಂಬ ಅಲ್ಲಿನದೇ ಹಾಡಿನ ಶೈಲಿಯ ಮೂಲಕ ಆ ಊರೇ ರ‍್ಯಾಪ್ ಸಂಗೀತದ ಕೇಂದ್ರವಾಯಿತು. ಪೇಪರ್ ಬಾಯ್ ಹಾಡಲು ಹೊರಟಿರುವುದು ಆ ಗೆಲುವಿನ ಊರಿನಲ್ಲಿ. ಆದರೂ ಮೊದಲ ಸೀಸನ್ ಮುಗಿಯುವಾಗ ಅವನ ಮ್ಯಾನೇಜರ್ ಮಲಗುವುದು ಸಾಮಾನು ಇಡಲು ಬಾಡಿಗೆಗೆ ಕೊಡುವ ಉಗ್ರಾಣದ ಕೋಣೆಯಲ್ಲಿ.

ಇನ್ನೊಂದು ಸಂಗತಿ ಗಮನಿಸಿ. ಗಾಯಕನ ಕಥೆಯಾದರೂ ಅವನು ವೇದಿಕೆ ಮೇಲೆ ಹಾಡುವುದನ್ನು ನಾವು ನೋಡುವುದು ಬಲು ಅಪರೂಪ. ಚಪ್ಪಾಳೆ, ಕಣ್ಣೀರು, ಗೆಲುವಿನ ಹಾಡು ಯಾವುದೂ ಇಲ್ಲ. ಬದಲಿಗೆ, ಫೋಟೋ ತೆಗೆಸಿಕೊಳ್ಳುವ ಮುಂಚೆ ಕೂದಲು ಕತ್ತರಿಸಿಕೊಳ್ಳಲು ಹೋಗಿ, ಅರ್ಧ ಕತ್ತರಿಸಿದ ತಲೆಯಲ್ಲೇ ಕ್ಷೌರಿಕನ ಹಿಂದೆ ದಿನವಿಡೀ ಅಲೆಯುವ ಆಲ್ಫ್ರೆಡ್ ಇದ್ದಾನೆ. ಮೂರನೆಯ ಸೀಸನ್ನಿನಲ್ಲಿ ಆಮ್‌ಸ್ಟರ್‌ಡ್ಯಾಮಿನ ವೇದಿಕೆಗೆ ಬರುತ್ತಾನೆ, ಕೆಳಗೆ ನೋಡಿದರೆ ಸಭಿಕರು ಅಲ್ಲಿನ ಹಬ್ಬದ ರೂಢಿಯಂತೆ ಮುಖಕ್ಕೆ ಕಪ್ಪು ಬಳಿದುಕೊಂಡು ನಿಂತಿದ್ದಾರೆ. ಅವನು ಹಾಡದೆ ಹೊರಟುಬಿಡುತ್ತಾನೆ.

ಸಂಗೀತದ ಬಗ್ಗೆ ಈ ಧಾರಾವಾಹಿ ನೇರವಾಗಿ ಮಾತಾಡುವುದು ಎರಡನೆಯ ಸೀಸನ್ನಿನ ‘ಟೆಡ್ಡಿ ಪರ್ಕಿನ್ಸ್’ ಎಂಬ ಕಂತಿನಲ್ಲಿ. 2018ರ ಏಪ್ರಿಲ್ 5ರಂದು ಇದನ್ನು ನಡುವೆ ಜಾಹೀರಾತಿಲ್ಲದೆ ಪ್ರಸಾರ ಮಾಡಿದರು. ಬಣ್ಣಬಣ್ಣದ ಕೀಲಿಗಳಿರುವ ಪಿಯಾನೋ ಪುಕ್ಕಟೆಯಾಗಿ ಸಿಗುತ್ತದೆಂದು ಡೇರಿಯಸ್ ಒಂದು ಬಂಗಲೆಗೆ ಹೋಗುತ್ತಾನೆ. ಬಾಗಿಲು ತೆರೆದವನು ಟೆಡ್ಡಿ: ಸುಣ್ಣದಂಥ ಮುಖ, ಮೆದುವಾದ ಸಣ್ಣ ದನಿ, ಮುಂದೆ ಉಷ್ಟ್ರಪಕ್ಷಿಯ ಬೇಯಿಸಿದ ಮೊಟ್ಟೆ. ಬಣ್ಣ ಹಚ್ಚಿ ಆ ಪಾತ್ರ ಮಾಡಿದವರು ಗ್ಲೋವರ್ ಅವರೇ. ಆದರೆ ಕೊನೆಯಲ್ಲಿ ಬರುವ ಕಲಾವಿದರ ಪಟ್ಟಿಯಲ್ಲಿ ಆ ಪಾತ್ರದ ಎದುರು ‘ಟೆಡ್ಡಿ ಪರ್ಕಿನ್ಸ್’ ಎಂದೇ ಹಾಕಿಸಿದ್ದಾರೆ. ಟೆಡ್ಡಿಯನ್ನೂ ಅವನ ಸೋದರನನ್ನೂ ಅಪ್ಪ ಹೊಡೆದು ಬಡಿದು ಸಂಗೀತ ಕಲಿಸಿದ್ದಾನೆ. ಆ ಅಪ್ಪನಿಗೂ, ಮಕ್ಕಳನ್ನು ಹಿಂಡಿ ಕಲಾವಿದರನ್ನಾಗಿ ಮಾಡಿದ ಇನ್ನಷ್ಟು ಅಪ್ಪಂದಿರಿಗೂ ಟೆಡ್ಡಿ ಮನೆಯಲ್ಲೇ ಸ್ಮಾರಕ ಕಟ್ಟುತ್ತಿದ್ದಾನೆ. ಮೈಕಲ್ ಜಾಕ್ಸನ್ನರ ತಂದೆಯ ಹೆಸರು ಅಲ್ಲಿದೆ. ಗಾಯಕ ಮಾರ್ವಿನ್ ಗೇ ಅವರ ತಂದೆಯ ಹೆಸರೂ ಇದೆ, ಆತ 1984ರಲ್ಲಿ ಮಗನನ್ನೇ ಗುಂಡಿಟ್ಟು ಕೊಂದವನು. ನೋವಿಲ್ಲದೆ ದೊಡ್ಡದು ಹುಟ್ಟುವುದಿಲ್ಲ ಎಂಬುದು ಟೆಡ್ಡಿಯ ನಂಬಿಕೆ. ಡೇರಿಯಸ್ ಒಪ್ಪುವುದಿಲ್ಲ. ಪ್ರೀತಿಯಿಂದಲೂ ಹುಟ್ಟುತ್ತದೆ ಅನ್ನುತ್ತಾನೆ. ಕುರ್ಚಿಗೆ ಕಟ್ಟಿಹಾಕಿಸಿಕೊಂಡು, ಕೋವಿಯ ಎದುರು ಕೂತು ಹೇಳುವ ಮಾತು ಅದು. ಸಂಗೀತಗಾರರ ಸಂಕಟವನ್ನು ಕೇಳುಗರಾದ ನಾವು ಎಷ್ಟು ಇಷ್ಟಪಟ್ಟು ಸವಿಯುತ್ತೇವೆ ಎಂಬ ಪ್ರಶ್ನೆಯನ್ನು ಇಷ್ಟು ಧೈರ್ಯವಾಗಿ ಕೇಳಿದ ಬೇರೆ ಟೀವಿ ಕಂತು ನಾನು ನೋಡಿಲ್ಲ.

ಅದೇ ಸೀಸನ್ನಿನ ‘ವುಡ್ಸ್’ ಕಂತು ಆಲ್ಫ್ರೆಡ್ ಪಾತ್ರ ಮಾಡಿದ ಹೆನ್ರಿ ಅವರದು. ತಾಯಿಯನ್ನು ಕಳೆದುಕೊಂಡ ದುಃಖವನ್ನು ಯಾರಿಗೂ ಹೇಳದ ಆಲ್ಫ್ರೆಡ್, ಹುಡುಗರು ಹೊಡೆದು ದೋಚಿದಾಗ ಕಾಡಿಗೆ ಓಡಿ ದಾರಿ ತಪ್ಪುತ್ತಾನೆ. ಹೆನ್ರಿ ಅವರ ಸ್ವಂತ ತಾಯಿ 2016ರಲ್ಲಿ ತೀರಿಕೊಂಡಿದ್ದರು, ಕಂತನ್ನು ಅವರಿಗೇ ಅರ್ಪಿಸಿದ್ದಾರೆ. ನೋಡುವಾಗ ಅದು ತಿಳಿದಿರಲಿ, ಬಿಡಲಿ, ಆ ಮುಖದಿಂದ ಕಣ್ಣು ಕೀಳಲಾಗುವುದಿಲ್ಲ.

ಎಲ್ಲವೂ ಇದೇ ಎತ್ತರದಲ್ಲಿಲ್ಲ. ನಾಲ್ಕು ವರ್ಷಗಳ ಬಿಡುವಿನ ನಂತರ ಬಂದ ಮೂರನೆಯ ಸೀಸನ್ ಯುರೋಪಿನಲ್ಲಿ ಅಲೆಯುತ್ತದೆ. ಹತ್ತರಲ್ಲಿ ನಾಲ್ಕು ಕಂತುಗಳಲ್ಲಿ ಮುಖ್ಯ ಪಾತ್ರಗಳು ಇಲ್ಲವೆನ್ನುವಷ್ಟು ಕಡಿಮೆ. ಗುಲಾಮಗಿರಿಗೆ ಪರಿಹಾರವಾಗಿ ಗುಲಾಮರ ಒಡೆಯರ ವಂಶಸ್ಥರೇ ದುಡ್ಡು ಕಟ್ಟಬೇಕಾಗಿ ಬರುವ ಕಂತು ಅವುಗಳಲ್ಲೊಂದು. ಯೋಚನೆ ದೊಡ್ಡದು, ಆದರೆ ಪಾತ್ರಗಳು ವಾದಕ್ಕೆ ದುಡಿಯುತ್ತವೆ, ಬದುಕುವುದಿಲ್ಲ. ನನಗೆ ಇನ್ನೂ ದೊಡ್ಡ ಕೊರತೆಯೆನಿಸಿದ್ದು ವ್ಯಾನ್. ಮೊದಲ ಸೀಸನ್ನಿನಲ್ಲಿ ಅವಳದೇ ಒಂದು ಕಂತಿದೆ. ಶಾಲೆಯಲ್ಲಿ ಪಾಠ ಮಾಡುವ ಅವಳು ಗೆಳತಿಯ ಜೊತೆ ಗಾಂಜಾ ಸೇದಿದ ಮಾರನೆಯ ದಿನವೇ ಮೂತ್ರಪರೀಕ್ಷೆ ಬರುತ್ತದೆ. ಮಗುವಿನ ಡೈಪರಿನಿಂದ ಮೂತ್ರ ಹಿಂಡಿಕೊಂಡು ಹೋಗುತ್ತಾಳೆ, ಅದು ಮೈಮೇಲೆ ಚೆಲ್ಲುತ್ತದೆ, ಸೋತು ನಿಜ ಹೇಳುತ್ತಾಳೆ. ಆ ಪರೀಕ್ಷೆಯನ್ನು ಯಾರೂ ಗಂಭೀರವಾಗಿ ನಡೆಸುವುದೇ ಇಲ್ಲವಂತೆ. ಆದರೆ ನಿಜ ಹೇಳಿದ್ದರಿಂದ ಕೆಲಸ ಹೋಗುತ್ತದೆ. ಇಷ್ಟು ಗಟ್ಟಿಯಾದ ಪಾತ್ರವನ್ನು ಮುಂದಿನ ಸೀಸನ್ನುಗಳು ಮತ್ತೆ ಮತ್ತೆ ಬದಿಗೆ ಸರಿಸಿವೆ. ಗಂಡಸರ ದುಡ್ಡಿನ ತಾಪತ್ರಯಕ್ಕೆ ಕೊಟ್ಟ ತಾಳ್ಮೆಯನ್ನು ಅವಳಿಗೆ ಕೊಟ್ಟಿದ್ದರೆ ಧಾರಾವಾಹಿ ಇನ್ನೂ ತುಂಬಿಕೊಳ್ಳುತ್ತಿತ್ತು.

ಪ್ರಶಸ್ತಿಗಳು ಬಂದಿವೆ. 2017ರಲ್ಲಿ ಹಾಸ್ಯ ಸರಣಿಯ ನಿರ್ದೇಶನಕ್ಕೆ ಅಮೆರಿಕದ ಟೀವಿ ಪ್ರಶಸ್ತಿಯಾದ ಎಮ್ಮಿ ಪಡೆದ ಮೊದಲ ಕಪ್ಪು ನಿರ್ದೇಶಕ ಗ್ಲೋವರ್. ಅದಕ್ಕೆ ಕಾರಣವಾದ ಕಂತಿನಲ್ಲಿ, ಇಲ್ಲದ ಒಂದು ವಾಹಿನಿಯ ಚರ್ಚಾ ಕಾರ್ಯಕ್ರಮವನ್ನು ನಡುನಡುವೆ ಬರುವ ಜಾಹೀರಾತುಗಳ ಸಮೇತ ಕಟ್ಟಿದ್ದಾರೆ. ಆ ಜಾಹೀರಾತುಗಳೂ ಕಲ್ಪನೆಯವೇ.

ನೋಡಬೇಕೆನ್ನುವವರು ಮೊದಲ ಕಂತಿನಿಂದ ಅನುಕ್ರಮವಾಗಿಯೇ ಹೋಗಿ. ‘ಟೆಡ್ಡಿ ಪರ್ಕಿನ್ಸ್’ ಪ್ರಸಿದ್ಧವೆಂದು ನೇರವಾಗಿ ಅಲ್ಲಿಗೆ ಹಾರಬೇಡಿ. ಡೇರಿಯಸ್ ಎಂಥವನೆಂದು ತಿಳಿದ ಮೇಲಷ್ಟೇ ಆ ಬಂಗಲೆಯಲ್ಲಿ ಅವನಿಗಾಗಿ ಜೀವ ಹೊಡೆದುಕೊಳ್ಳುತ್ತದೆ. ಬೈಗುಳ, ಹಿಂಸೆ ಎರಡೂ ಇವೆ. ಚಿಕ್ಕ ಮಕ್ಕಳನ್ನು ಜೊತೆಗೆ ಕೂರಿಸಿಕೊಳ್ಳಬೇಡಿ. ಒಂದು ಕಂತು ಅರ್ಧ ಗಂಟೆಯ ಆಸುಪಾಸು. ಒಂದೇ ರಾತ್ರಿ ಎಲ್ಲ ಮುಗಿಸದೆ ಎರಡು ಕಂತಿನ ನಡುವೆ ಒಂದು ದಿನ ಬಿಟ್ಟುಕೊಳ್ಳಿ. ನಮಸ್ಕಾರ.