ಓಣಿಯ ಮಕ್ಕಳಿಗೆ ಒಪ್ಪುವ ಪ್ರಶ್ನೆಗಳು

ಕೇಳುಗರಿಗೆ ನಮಸ್ಕಾರ.

ನಾಲ್ಕು ವರ್ಷದ ಮಗು, ಮಾತಿನಲ್ಲಿ ಬಲು ಚುರುಕು. ಆದರೆ ಅಂಗಿಯ ಗುಂಡಿ ಹಾಕಲು ಬರುವುದಿಲ್ಲ. ಎಸೆದ ಚೆಂಡು ಕೈಗೆ ಸಿಗುವುದಿಲ್ಲ. ಓಡಿದರೆ ಎಡವುತ್ತದೆ. ಮನೆಯವರು ಸೋಮಾರಿ ಅಂದುಬಿಡುತ್ತಾರೆ. ಪಾಪ, ಕೆಲವು ಮಕ್ಕಳಿಗೆ ಕೈಕಾಲು ಹೊಂದಿಸಿ ಆಡಿಸುವುದೇ ಕಷ್ಟ. ಶಾಲೆಗೆ ಹೋಗುವ ನೂರು ಮಕ್ಕಳಲ್ಲಿ 5ರಿಂದ 6 ಮಕ್ಕಳಿಗೆ ಈ ತೊಂದರೆ ಇರುತ್ತದೆ ಎಂದು ತಜ್ಞರು ಹೇಳುತ್ತಾರೆ. 5 ವರ್ಷ ತುಂಬುವ ಮೊದಲು ವೈದ್ಯರು ಸಾಮಾನ್ಯವಾಗಿ ಇದೇ ತೊಂದರೆ ಎಂದು ಖಚಿತವಾಗಿ ಹೇಳುವುದಿಲ್ಲ. ಸುಳಿವು ಮಾತ್ರ ಮೊದಲೇ ಸಿಗುತ್ತದೆ.

ಆ ಸುಳಿವು ಹಿಡಿಯಲು 3 ಮತ್ತು 4 ವರ್ಷದ ಮಕ್ಕಳ ತಂದೆತಾಯಿಗೆ ಕೇಳುವ ಪ್ರಶ್ನಾವಳಿ ಇದೆ. ಹೆಸರು ಲಿಟಲ್ ಡಿಸಿಡಿಕ್ಯೂ, ಮೊದಲು ರೂಪುಗೊಂಡದ್ದು ಇಸ್ರೇಲ್‌ನಲ್ಲಿ. 15 ಪ್ರಶ್ನೆ, ಒಂದೊಂದಕ್ಕೂ 1ರಿಂದ 5 ಅಂಕ. ಅಂಕ ಕಡಿಮೆಯಾದಷ್ಟೂ ತೊಂದರೆಯ ಸಂಶಯ ಜಾಸ್ತಿ.

ಇಂಥ ಪ್ರಶ್ನಾವಳಿಯನ್ನು ಕೊಪ್ಪಳದ ಹಳ್ಳಿಗೆ ತರುವಾಗ ಬರೀ ಕನ್ನಡ ಮಾಡಿದರೆ ಸಾಲದು. ಮಗುವಿನ ಕೈಗೆ ಕತ್ತರಿಯನ್ನೇ ಕೊಡದ ಮನೆಯಲ್ಲಿ ಕಾಗದ ಕತ್ತರಿಸುತ್ತದೆಯೇ ಎಂದು ಕೇಳಿದರೆ ತಾಯಿ ಏನು ಹೇಳಬೇಕು? ಅಲ್ಲಿ ಕಡಿಮೆ ಅಂಕ ಬಂದರೆ ಮಗುವಿನ ಕೈ ಬಗ್ಗೆ ಏನೂ ತಿಳಿಯುವುದಿಲ್ಲ. ನಮ್ಮ ಮಕ್ಕಳು ದಿನಾ ಮಾಡುವುದನ್ನು ಕೇಳಬೇಕು. ಜೋಳದ ರೊಟ್ಟಿ ಮುರಿದು ಪಲ್ಯ ಹಚ್ಚಿಕೊಂಡು ಚೆಲ್ಲದೆ ತಿನ್ನುತ್ತದೆಯೇ? ಶೇಂಗಾ ಸುಲಿಯುತ್ತದೆಯೇ? ಚಪ್ಪಲಿ ತಾನೇ ಮೆಟ್ಟಿಕೊಳ್ಳುತ್ತದೆಯೇ? ಆದರೆ ಮನಸ್ಸಿಗೆ ಬಂದದ್ದನ್ನು ಸೇರಿಸುವಂತಿಲ್ಲ. ಮೂಲ ಪ್ರಶ್ನೆ ಬೆರಳ ಹಿಡಿತ ನೋಡಿದರೆ ಹೊಸದೂ ಅದನ್ನೇ ನೋಡಬೇಕು. ಆಮೇಲೆ ಇಲ್ಲಿನ ಮಕ್ಕಳನ್ನೇ ಆಡಿಸಿ, ಪರೀಕ್ಷಿಸಿ, ತಾಯಂದಿರ ಉತ್ತರ ಅದಕ್ಕೆ ತಾಳೆಯಾಗುತ್ತದೆಯೇ ನೋಡಬೇಕು. ಎಷ್ಟು ಅಂಕಕ್ಕಿಂತ ಕೆಳಗಿದ್ದರೆ ಸಂಶಯ ಪಡಬೇಕು ಎಂಬುದೂ ಇಲ್ಲಿಯೇ ತೀರ್ಮಾನವಾಗಬೇಕು. ಬೇರೆ ದೇಶದ ಗೆರೆಯನ್ನು ಇಲ್ಲಿ ಎಳೆಯುವುದು ಮಕ್ಕಳಿಗೆ ಮಾಡುವ ಅನ್ಯಾಯ.

ಉತ್ತರ ಹೇಳುವವರು ಯಾರು ಎಂಬುದೂ ಮುಖ್ಯ. ರಾಯಚೂರು ಕಡೆ ಎಷ್ಟೋ ತಂದೆತಾಯಿ ದುಡಿಯಲು ಬೆಂಗಳೂರಿಗೆ ಹೋಗುತ್ತಾರೆ, ಮಗು ಅಜ್ಜಿಯ ಹತ್ತಿರ ಬೆಳೆಯುತ್ತದೆ. ಹಾಗಿದ್ದರೆ ಅಜ್ಜಿಯನ್ನೇ ಕೇಳಿ. ಓದಲು ಬಾರದವರಿಗೆ ಓದಿ ಹೇಳಿ. 'ಮಗು ಸರಿ ಇದೆಯಾ' ಅಂದರೆ ಯಾವ ತಾಯಿಯೂ 'ಎಲ್ಲಾ ಚಲೋ ಮಾಡ್ತದ್ರಿ' ಅಂತಲೇ ಹೇಳುತ್ತಾಳೆ. ತನ್ನ ಮೇಲೆ ತಪ್ಪು ಬರುತ್ತದೆಂಬ ಭಯ ಅವಳಿಗೆ. ಅದರ ಬದಲು 'ನಿನ್ನೆ ಊಟ ಹ್ಯಾಂಗ ಮಾಡ್ತವ್ವಾ? ಓಣಿಯ ಇದೇ ವಯಸ್ಸಿನ ಹುಡುಗರ ಹಂಗ ಮಾಡ್ತದೇನು?' ಅಂತ ಕೇಳಿದರೆ ನಿಜ ಹೊರಗೆ ಬರುತ್ತದೆ.

ಅಂಕ ಕಡಿಮೆ ಬಂದರೆ ಗಾಬರಿ ಬೇಡ, ಅದು ರೋಗದ ಚೀಟಿ ಅಲ್ಲ. ಮೊದಲು ಕಣ್ಣು ತೋರಿಸಿ, ಮಕ್ಕಳ ವೈದ್ಯರನ್ನು ಕಾಣಿ. ಬರುತ್ತಿದ್ದ ಕೆಲಸವೇ ಮಗುವಿಗೆ ಮರೆತುಹೋಗುತ್ತಿದ್ದರೆ ಮಾತ್ರ ಒಂದು ದಿನವೂ ತಡ ಮಾಡಬೇಡಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ವರ್ಷಕ್ಕೆ 2 ಸಲ ಅಂಗನವಾಡಿಗೆ ಬಂದು ಮಕ್ಕಳನ್ನು ತಪಾಸಣೆ ಮಾಡಬೇಕು, ಖರ್ಚಿಲ್ಲ. ನಿಮ್ಮೂರಿಗೆ ಯಾವಾಗ ಬರುತ್ತದೆ ಎಂದು ಅಂಗನವಾಡಿ ಟೀಚರನ್ನು ಕೇಳಿ. ಆ ದಿನ ಮಗುವಿನ ಜೊತೆ ನೀವೂ ಹೋಗಿ, ನೋಡಿದ್ದನ್ನೆಲ್ಲ ಹೇಳಿ.